ಆರುವ ಮುನ್ನ ಅಳೆಯಿರಿ: ಗಾಮಾ ಕಿರಣ ಸ್ಫೋಟದ ಆಫ್ಟರ್‌ಗ್ಲೋಗೆ ನಮ್ಮೂರ ಮಾಳಿಗೆಯಿಂದ ಟೆಲಿಸ್ಕೋಪ್ ತಿರುಗಿಸುವ ಬಗೆ

2022ರ ಅಕ್ಟೋಬರ್ 9, ಶೀಗೆ ಹುಣ್ಣಿಮೆ. ಚಿಕ್ಕಬಳ್ಳಾಪುರದಲ್ಲಿ ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆಗಿತ್ತಷ್ಟೆ. ಸಂಜೆ 6 ಗಂಟೆ 47 ನಿಮಿಷಕ್ಕೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಒಂದು ಅಲೆ ಬಂದು ಬಡಿಯಿತು. ಉಪಕರಣಗಳು ಈವರೆಗೆ ದಾಖಲಿಸಿದ ಗಾಮಾ ಕಿರಣ ಸ್ಫೋಟಗಳಲ್ಲೆಲ್ಲ ಅತಿ ಪ್ರಖರವಾದದ್ದು ಅದೇ, ಜಿಆರ್‌ಬಿ 221009ಎ. ಜಿಆರ್‌ಬಿ ಎಂದರೆ ಗಾಮಾ ಕಿರಣ ಸ್ಫೋಟ, ಅಂಕಿಗಳು ವರ್ಷ, ತಿಂಗಳು, ತಾರೀಖು. ಆ ಬೆಳಕು ತನ್ನ ಗ್ಯಾಲಕ್ಸಿಯಿಂದ ಹೊರಟು ಸುಮಾರು 190 ಕೋಟಿ ವರ್ಷವಾಗಿತ್ತು. ಅದು ಬಂದ ದಿಕ್ಕು ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವಿನ ಜಾಗ. ಆ ಗಳಿಗೆಯಲ್ಲಿ ಆ ಜಾಗ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಿಗೂ ಹೆಚ್ಚುಕಡಿಮೆ ನೆತ್ತಿಯ ಮೇಲಿತ್ತು. 7.40ರ ಹೊತ್ತಿಗೆ ಸ್ವಿಫ್ಟ್ ಉಪಗ್ರಹ ಕರಾರುವಾಕ್ಕಾದ ಸ್ಥಾನವನ್ನು ಹೇಳಿತು. ಅದರಲ್ಲಿದ್ದ ಪುಟ್ಟ ದೂರದರ್ಶಕ ಅಲ್ಲಿ 16.6 ಮ್ಯಾಗ್ನಿಟ್ಯೂಡ್‌ನ ಹೊಸ ಬೆಳಕಿನ ಚುಕ್ಕಿಯನ್ನು ಅಳೆಯಿತು. ಮ್ಯಾಗ್ನಿಟ್ಯೂಡ್ ಎಂದರೆ ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಮಸುಕು. ಹತ್ತು ಇಂಚಿನ ಟೆಲಿಸ್ಕೋಪಿಗೆ ಹುಣ್ಣಿಮೆಯ ಬೆಳಕಿನಲ್ಲೂ ಎಟುಕುವ ಹೊಳಪು ಅದು.

ಸ್ಫೋಟದ ಬಳಿಕ ಉಳಿದು ಆರುತ್ತ ಹೋಗುವ ಇಂಥ ಬೆಳಕನ್ನು, ಅಂದರೆ ಆಫ್ಟರ್‌ಗ್ಲೋವನ್ನು, ಹಿಡಿಯಲು ಲಡಾಖಿಗೋ ಚಿಲಿಗೋ ಹೋಗಲೇಬೇಕು ಎಂದುಕೊಂಡವರಿಗಾಗಿ ಈ ಮಾರ್ಗದರ್ಶಿ. ಎಂಟರಿಂದ ಹನ್ನೆರಡು ಇಂಚಿನ ಟೆಲಿಸ್ಕೋಪ್, ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಈಕ್ವಟೋರಿಯಲ್ ಮೌಂಟ್, ತಂಪಾಗಿಸುವ ಸೌಲಭ್ಯವಿರುವ ಕಪ್ಪು-ಬಿಳುಪು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಇಷ್ಟಿರುವ ಹವ್ಯಾಸಿಗಳೂ ಕಾಲೇಜಿನ ಭೌತಶಾಸ್ತ್ರ ವಿಭಾಗಗಳೂ ಈ ಕೆಲಸ ಮಾಡಬಹುದು. 2003ರ ಜುಲೈನಲ್ಲಿ ಜಿಆರ್‌ಬಿ 030725ರ ಆಫ್ಟರ್‌ಗ್ಲೋ ಕಂಡುಹಿಡಿದ ದಕ್ಷಿಣ ಆಫ್ರಿಕಾದ ಬರ್ಟೊ ಮೊನಾರ್ಡ್ ಕೂಡ ಹವ್ಯಾಸಿಯೇ.

ಬೆನ್ನಟ್ಟುತ್ತಿರುವುದು ಏನನ್ನು

1967ರ ಜುಲೈ 2ರಂದು ಅಮೆರಿಕದ ವೇಲಾ ಉಪಗ್ರಹಗಳು ಮೊದಲ ಸ್ಫೋಟವನ್ನು ದಾಖಲಿಸಿದವು. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ್ದ ಉಪಗ್ರಹಗಳು ಅವು. ಸುದ್ದಿ ಪ್ರಕಟವಾಗಿದ್ದು 1973ರಲ್ಲಿ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಇವು ಎಷ್ಟು ದೂರದಲ್ಲಿವೆ ಎಂಬುದೇ ಬಗೆಹರಿಯಲಿಲ್ಲ. ಗಾಮಾ ಕಿರಣ ಕೆಲವೇ ಸೆಕೆಂಡಿನಲ್ಲಿ ನಿಂತುಹೋಗುತ್ತಿತ್ತು, ಎಲ್ಲಿಂದ ಬಂತೆಂದು ನಿಖರವಾಗಿ ಹೇಳುವ ದಾರಿ ಇರಲಿಲ್ಲ. 1997ರ ಫೆಬ್ರವರಿ 28ರ ಸ್ಫೋಟದ ಜಾಗದಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹಕ್ಕೆ ಆರುತ್ತಿರುವ ಎಕ್ಸ್-ರೇ ಕಂಡಿತು. ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ಟೆಲಿಸ್ಕೋಪಿಗೆ ಅದೇ ಜಾಗದಲ್ಲಿ ಆರುತ್ತಿರುವ ಬೆಳಕೂ ಸಿಕ್ಕಿತು. ಅದು ಮೊದಲ ಆಫ್ಟರ್‌ಗ್ಲೋ. ದೂರದ ಪ್ರಶ್ನೆ ಬಗೆಹರಿದದ್ದು ಈ ಉಳಿಬೆಳಕಿನಿಂದಲೇ.

ಭಾರೀ ನಕ್ಷತ್ರವೊಂದರ ಗರ್ಭ ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಬಿದ್ದಾಗ, ಬೆಳಕಿನ ವೇಗಕ್ಕೆ ತೀರಾ ಸಮೀಪದ ವೇಗದಲ್ಲಿ ದ್ರವ್ಯದ ಜೆಟ್ ಹೊರಚಿಮ್ಮುತ್ತದೆ. ಮೊದಲ ಗಾಮಾ ಕಿರಣಗಳು ಜೆಟ್‌ನ ಒಳಗಿನಿಂದಲೇ ಬರುತ್ತವೆ. ಆ ಜೆಟ್ ಸುತ್ತಲಿನ ತೆಳು ಅನಿಲಕ್ಕೆ ನುಗ್ಗಿ ಅದನ್ನು ಗುಡಿಸಿಕೊಂಡು ಹೋಗುವಾಗ ಆಘಾತ ತರಂಗ ಏಳುತ್ತದೆ. ಅದರಲ್ಲಿ ಸಿಕ್ಕ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ಎಕ್ಸ್-ರೇ, ಕಣ್ಣಿಗೆ ಕಾಣುವ ಬೆಳಕು, ರೇಡಿಯೊ ಎಲ್ಲವನ್ನೂ ಸೂಸುತ್ತವೆ. ಗುಡಿಸಿದಷ್ಟೂ ತರಂಗ ನಿಧಾನವಾಗುತ್ತದೆ, ಬೆಳಕು ಆರುತ್ತದೆ.

ಆರುವ ಲೆಕ್ಕವೇ ಇಡೀ ಕೆಲಸದ ಆಧಾರ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸ್ಫೋಟದ ಕ್ಷಣವನ್ನು ಟಿ ಸೊನ್ನೆ ಎನ್ನುತ್ತಾರೆ. ಅಲ್ಲಿಂದ ಕಳೆದ ಕಾಲ ಎರಡರಷ್ಟಾದರೆ ಹೊಳಪು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಹತ್ತರಷ್ಟಾದರೆ ಹತ್ತನೇ ಒಂದಕ್ಕೆ. ಮ್ಯಾಗ್ನಿಟ್ಯೂಡ್‌ನಲ್ಲಿ ಹೇಳುವುದಾದರೆ ಮೊದಲನೆಯದು 0.75, ಎರಡನೆಯದು 2.5. ಸ್ಫೋಟದಿಂದ ಸ್ಫೋಟಕ್ಕೆ ಇಳಿಜಾರು ಬದಲಾಗುತ್ತದೆ, ಒಂದೊಂದು ಕೆಲ ಕಾಲ ಏರುವುದೂ ಉಂಟು. ಆದರೂ ಯೋಜನೆ ಹಾಕಿಕೊಳ್ಳಲು ಇದು ಸಾಕು. ಸ್ಫೋಟವಾಗಿ 40 ನಿಮಿಷಕ್ಕೆ 17.2 ಇದ್ದ ಚುಕ್ಕಿ ಎರಡು ಗಂಟೆಗೆ 18.4ರ ಹತ್ತಿರ, ಆರು ಗಂಟೆಗೆ 19.6ರ ಹತ್ತಿರ ಇರುತ್ತದೆ. ಎಂಟು ಇಂಚಿನ ಟೆಲಿಸ್ಕೋಪಿಗೆ ಅದು ಅಷ್ಟರಲ್ಲಿ ಕೈತಪ್ಪಿರುತ್ತದೆ.

ಇದರಿಂದ ಹೊರಡುವ ಮಾತೊಂದನ್ನು ಒತ್ತಿ ಹೇಳುತ್ತೇನೆ. ಹಣವಿದ್ದರೆ ದೊಡ್ಡ ಕನ್ನಡಿಗೆ ಸುರಿಯಬೇಡಿ. ಎಂಟು ಇಂಚಿನಿಂದ ಹನ್ನೆರಡು ಇಂಚಿಗೆ ಹೋದರೆ, ಆಕಾಶದ ಹಿನ್ನೆಲೆ ಬೆಳಕೇ ಅಡ್ಡಿಯಾಗಿರುವ ನಮ್ಮಂಥ ಜಾಗಗಳಲ್ಲಿ ಸಿಗುವ ಲಾಭ ಸುಮಾರು 0.4 ಮ್ಯಾಗ್ನಿಟ್ಯೂಡ್. ಒಂದು ಗಂಟೆ ತಡವಾಗಿ ಶುರುಮಾಡುವ ಬದಲು ಇಪ್ಪತ್ತು ನಿಮಿಷಕ್ಕೆ ಶುರುಮಾಡಿದರೆ ಸಿಗುವುದು 1.2. ಟ್ರೈಪಾಡ್ ಹೊತ್ತು ತಂದು, ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸಿ, ಕೇಬಲ್ ಸಿಕ್ಕಿಸುವಷ್ಟರಲ್ಲಿ ಆ ನಲವತ್ತು ನಿಮಿಷ ಹೋಗಿಬಿಡುತ್ತದೆ. ಅದೇ ದುಡ್ಡಿನಲ್ಲಿ ಕಾಂಕ್ರೀಟಿನ ಒಂದು ಕಂಬ ಕಟ್ಟಿಸಿ, ಮೌಂಟನ್ನು ಅದರ ಮೇಲೆ ಕಾಯಂ ಕೂರಿಸಿ, ತಗಡಿನ ಜಾರು ಮುಚ್ಚಳ ಮಾಡಿಸಿ. 1999ರ ಜನವರಿ 23ರ ಸ್ಫೋಟದಲ್ಲಿ 9ನೇ ಮ್ಯಾಗ್ನಿಟ್ಯೂಡ್‌ನ ಮಿಂಚನ್ನು ಹಿಡಿದದ್ದು ರಾಟ್ಸಿ ಎಂಬ ಸ್ವಯಂಚಾಲಿತ ಉಪಕರಣ. ಅದಕ್ಕಿದ್ದದ್ದು ದೊಡ್ಡ ಕನ್ನಡಿಯಲ್ಲ, ಕ್ಯಾಮೆರಾ ಲೆನ್ಸುಗಳು. ಸ್ಫೋಟದ ಸೂಚನೆ ಬಂದ 22 ಸೆಕೆಂಡಿಗೆ ಅದು ಚಿತ್ರ ತೆಗೆಯಲು ಶುರುಮಾಡಿತ್ತು.

ಜಾಗದ ಆಯ್ಕೆ

ಬೆಂಗಳೂರಿನ ಬೆಳಕಿನ ಗುಮ್ಮಟ ಚಿಕ್ಕಬಳ್ಳಾಪುರಕ್ಕೆ ದಕ್ಷಿಣದಲ್ಲಿ, ಕೋಲಾರಕ್ಕೆ ಪಶ್ಚಿಮದಲ್ಲಿ, ತುಮಕೂರಿಗೆ ಆಗ್ನೇಯದಲ್ಲಿ ಕಾಣುತ್ತದೆ. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ವಿಮಾನ ನಿಲ್ದಾಣದ ದೀಪಗಳೂ ಅದೇ ದಿಕ್ಕಿನಲ್ಲಿ ಸೇರಿಕೊಳ್ಳುತ್ತವೆ. ಹೀಗಾಗಿ ಜಾಗ ನೋಡುವಾಗ ಒಟ್ಟು ಕತ್ತಲೆಯ ಜೊತೆಗೆ ಯಾವ ದಿಕ್ಕು ಕತ್ತಲಾಗಿದೆ ಎಂಬುದನ್ನೂ ನೋಡಬೇಕು. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ, ಮಧುಗಿರಿಯ ಉತ್ತರದ ಹಳ್ಳಿಗಳು, ಶ್ರೀನಿವಾಸಪುರದ ಆಚೆಯ ಮಾವಿನ ತೋಟಗಳು ನನ್ನ ಮೊದಲ ಆಯ್ಕೆ. ಆದರೆ ಪದೇಪದೇ ಹೇಳಬೇಕಾದ್ದು ಇದು: ಮನೆಯಿಂದ ಒಂದು ಗಂಟೆ ದೂರದ ಕಗ್ಗತ್ತಲ ಬಯಲಿಗಿಂತ ಎರಡು ನಿಮಿಷದಲ್ಲಿ ಹತ್ತಬಹುದಾದ ಸಾಧಾರಣ ಮಾಳಿಗೆಯೇ ಈ ಕೆಲಸಕ್ಕೆ ಲೇಸು.

ಬೆಟ್ಟ ಹತ್ತುವ ಆಸೆ ಬಿಡಿ. ಸ್ಕಂದಗಿರಿ, ಅಂತರಗಂಗೆ, ದೇವರಾಯನದುರ್ಗಗಳಲ್ಲಿ ರಾತ್ರಿ ಕೂರಲು ಅನುಮತಿಯ ತಾಪತ್ರಯ ಒಂದೆಡೆ. ಹಗಲಿಡೀ ಕಾದ ಬರಿ ಬಂಡೆ ಸಂಜೆಯಿಡೀ ಶಾಖ ಬಿಟ್ಟು ನಕ್ಷತ್ರಗಳನ್ನು ಕದಡುವುದು ಇನ್ನೊಂದೆಡೆ. ಕಾಂಕ್ರೀಟ್ ಮಾಳಿಗೆಗೂ ಈ ದೋಷವಿದೆ. ಸಂಜೆ ಒಂದೆರಡು ಬಿಂದಿಗೆ ನೀರು ಚೆಲ್ಲಿದರೆ ಬೇಗ ತಣಿಯುತ್ತದೆ. ಹೊಲದ ಅಂಚಿನಲ್ಲಿ ಮಣ್ಣಿನ ಮೇಲೆ ಕಂಬ ಹಾಕುವ ಅನುಕೂಲವಿದ್ದರೆ ಅದೇ ಉತ್ತಮ.

ನಮ್ಮ ಕಡೆಯದೇ ಆದ ಒಂದು ತೊಡಕು ಸೇವಂತಿಗೆ ಹೊಲದ ದೀಪ. ಹಗಲು ಉದ್ದವಿದ್ದರೆ ಸೇವಂತಿಗೆ ಮೊಗ್ಗು ಬಿಡುವುದನ್ನು ಮುಂದೂಡಿ ಎತ್ತರಕ್ಕೆ ಬೆಳೆಯುತ್ತದೆ. ಅದಕ್ಕಾಗಿ ಹಗಲು ಕಿರಿದಾಗುವ ತಿಂಗಳುಗಳಲ್ಲಿ ರೈತರು ಸಾಲುಸಾಲಾಗಿ ಬಲ್ಬ್ ತೂಗುಹಾಕಿ ರಾತ್ರಿ ಉರಿಸುತ್ತಾರೆ. ನೋಡಲು ಚೆಂದ, ಆದರೆ ಇನ್ನೂರು ಮೀಟರ್ ದೂರದಲ್ಲಿ ಅಂಥ ಎಕರೆಯೊಂದಿದ್ದರೆ ಕೊಳವೆಯೊಳಕ್ಕೆ ನೇರವಾಗಿ ಬೆಳಕು ನುಗ್ಗುತ್ತದೆ. ರೈತನಿಗೆ ಅದು ಅನ್ನದ ಪ್ರಶ್ನೆ, ಆರಿಸಿ ಎಂದು ಕೇಳುವುದು ಸರಿಯಲ್ಲ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಉರಿಸುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಆ ದಿಕ್ಕಿಗೆ ಟೆಲಿಸ್ಕೋಪಿನ ಎತ್ತರಕ್ಕೆ ಕಪ್ಪು ನೆರಳುಬಲೆ ಎರಡು ಪದರ ಕಟ್ಟಿ, ಕೊಳವೆಯ ಬಾಯಿಗೆ ಉದ್ದನೆಯ ಇಬ್ಬನಿ ತಡೆ ಹಾಕಿ. ಅಷ್ಟರಲ್ಲೇ ಬಹುಪಾಲು ಸರಿಹೋಗುತ್ತದೆ.

ಕರೆಂಟನ್ನು ನೆಚ್ಚಿಕೊಳ್ಳಬೇಡಿ. ಮೌಂಟ್, ಕ್ಯಾಮೆರಾ, ಇಬ್ಬನಿ ಹೀಟರ್ ಎಲ್ಲವೂ 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯಲಿ. ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿದು ಮೌಂಟ್ ದಾರಿ ತಪ್ಪಿದರೆ ಆ ರಾತ್ರಿ ಮುಗಿದಂತೆ.

ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ದಿಗಂತದಿಂದ 30 ಡಿಗ್ರಿ ಮೇಲೆ ಬರುವ ಆಕಾಶ ಎಂದರೆ ಡಿಕ್ಲಿನೇಶನ್ (ಆಕಾಶದ ಅಕ್ಷಾಂಶ) −47ರಿಂದ +73ರವರೆಗೆ. ಯುರೋಪಿನ ಹವ್ಯಾಸಿಗೆ ದಕ್ಷಿಣದ ಇಷ್ಟು ದೊಡ್ಡ ಭಾಗ ಸಿಗುವುದಿಲ್ಲ. ರೇಖಾಂಶದ ಲಾಭವೂ ಇದೆ. ಜಪಾನ್, ಆಸ್ಟ್ರೇಲಿಯಾಗಳಲ್ಲಿ ಬೆಳಗಾಗುತ್ತಾ ಬಂದು ಕ್ಯಾನರಿ ದ್ವೀಪಗಳಲ್ಲಿ ಇನ್ನೂ ರಾತ್ರಿ ಶುರುವಾಗದ ಹೊತ್ತಿನಲ್ಲಿ ಕತ್ತಲಲ್ಲಿರುವವರು ನಾವು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್, ಅಲ್ಲೇ ಇರುವ 0.7 ಮೀಟರಿನ ಗ್ರೋತ್-ಇಂಡಿಯಾ, ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರಿನದು ಈ ಕೆಲಸ ಮಾಡುತ್ತವೆ. ಚಂದ್ರ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಪಕ್ಕದಿಂದಲೇ: ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಆದರೆ ಹಾನ್ಲೆಯಲ್ಲಿ ಮೋಡವಿರುವ ರಾತ್ರಿ ಪಾವಗಡದಲ್ಲಿ ಇಲ್ಲದಿರಬಹುದು. ದೊಡ್ಡ ಟೆಲಿಸ್ಕೋಪ್ ಬೇರೆ ಕೆಲಸದಲ್ಲಿ ಮುಳುಗಿರಬಹುದು. ಆಗ ನಿಮ್ಮ ಅಳತೆಯೇ ಆ ಗಂಟೆಯ ಏಕೈಕ ದಾಖಲೆ.

ಕೆಲಸದ ತಿಂಗಳುಗಳು ಡಿಸೆಂಬರಿನಿಂದ ಏಪ್ರಿಲ್. ಜೂನ್‌ನಿಂದ ನವೆಂಬರ್ ನಡುವೆ ಮೋಡದ ಸಂದುಗಳನ್ನೇ ಕಾಯಬೇಕು. ಕೋಲಾರದವರಿಗೆ ಹಿಂಗಾರಿನ ಕಾಟ ತುಸು ಹೆಚ್ಚು.

ಎಚ್ಚರಿಕೆ ಸಂದೇಶ ಪಡೆಯುವುದು

ಉಪಗ್ರಹಗಳ ಸುದ್ದಿ ಹಂಚುವ ವ್ಯವಸ್ಥೆ ನಾಸಾ ನಡೆಸುವ ಜಿಸಿಎನ್, ಅಂದರೆ ಜನರಲ್ ಕೋಆರ್ಡಿನೇಟ್ಸ್ ನೆಟ್‌ವರ್ಕ್. ಉಚಿತವಾಗಿ ಖಾತೆ ತೆರೆಯಬಹುದು. ಅದರಲ್ಲಿ ಎರಡು ಬಗೆ. ನೋಟಿಸ್ ಎಂದರೆ ಯಂತ್ರ ಯಂತ್ರಕ್ಕೆ ಕಳಿಸುವ ಸಂದೇಶ, ಕೆಲವೇ ಸೆಕೆಂಡು ಇಲ್ಲವೇ ನಿಮಿಷಗಳಲ್ಲಿ ಬರುತ್ತದೆ. ಸರ್ಕ್ಯುಲರ್ ಎಂದರೆ ವೀಕ್ಷಕರು ಬರೆದ ಪುಟ್ಟ ವರದಿ. ಎರಡಕ್ಕೂ ಚಂದಾದಾರರಾಗಿ, ಆದರೆ ನೋಟಿಸ್‌ಗಳನ್ನು ಸೋಸಿಕೊಳ್ಳಿ. ಎಲ್ಲವನ್ನೂ ಫೋನಿಗೆ ಬಿಟ್ಟುಕೊಂಡರೆ ಒಂದು ವಾರದಲ್ಲಿ ನೀವೇ ಫೋನ್ ಆರಿಸುತ್ತೀರಿ.

ಸೋಸುವ ಮಾನದಂಡ ಒಂದೇ, ಸ್ಥಾನದ ಅನಿಶ್ಚಿತತೆ. ಫರ್ಮಿಯ ಜಿಬಿಎಂ ಉಪಕರಣ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸ್ಫೋಟ ಕಾಣುತ್ತದೆ, ಆದರೆ ಅದು ಹೇಳುವ ಸ್ಥಾನ ಹಲವು ಡಿಗ್ರಿ ಅಗಲದ್ದು. ನಮ್ಮ ಚಿಕ್ಕ ಚೌಕಟ್ಟಿಗೆ ಅದು ಪ್ರಯೋಜನವಿಲ್ಲ. 2004ರ ನವೆಂಬರಿನಲ್ಲಿ ಹಾರಿದ ಸ್ವಿಫ್ಟ್‌ನ ವೈಶಿಷ್ಟ್ಯ ಇರುವುದು ಇಲ್ಲಿಯೇ. ಅದರ ಬ್ಯಾಟ್ ಉಪಕರಣದ ಸ್ಥಾನ ಕೆಲವು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಒಳಗಿನದು, ಎಕ್ಸ್-ರೇ ದೂರದರ್ಶಕದ್ದು ಕೆಲವೇ ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟಿನ ಅರವತ್ತನೇ ಒಂದು ಭಾಗ). 2024ರ ಜನವರಿಯಲ್ಲಿ ಹಾರಿದ ಚೀನಾದ ಐನ್‌ಸ್ಟೈನ್ ಪ್ರೋಬ್, ಅದೇ ವರ್ಷ ಜೂನ್‌ನಲ್ಲಿ ಹಾರಿದ ಚೀನಾ-ಫ್ರಾನ್ಸ್ ಜಂಟಿ ಉಪಗ್ರಹ ಸ್ವೋಮ್ ಕೂಡ ನಮಗೆ ಉಪಯೋಗಕ್ಕೆ ಬರುವಷ್ಟು ಚಿಕ್ಕ ವೃತ್ತ ಕೊಡುತ್ತವೆ. ನಿಮ್ಮ ಕ್ಯಾಮೆರಾದ ಚೌಕಟ್ಟಿನ ಕಾಲುಭಾಗಕ್ಕಿಂತ ದೊಡ್ಡ ವೃತ್ತವಿದ್ದರೆ ಫೋನ್ ಸದ್ದು ಮಾಡದಿರಲಿ. ಚಿಕ್ಕದಿದ್ದು, ಆ ಜಾಗ 30 ಡಿಗ್ರಿಗಿಂತ ಮೇಲಿದ್ದು, ಸೂರ್ಯ ದಿಗಂತದಿಂದ 12 ಡಿಗ್ರಿ ಕೆಳಗಿದ್ದರೆ ಜೋರಾಗಿ ಕೂಗಲಿ. ಈ ಮೂರು ಷರತ್ತು ನೋಡುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆಯುವುದು ಬಿಎಸ್‌ಸಿ ವಿದ್ಯಾರ್ಥಿಗೆ ಒಂದು ಭಾನುವಾರದ ಕೆಲಸ.

ನಿರ್ದೇಶಾಂಕ ಮತ್ತು ಸಮಯ

ಇಲ್ಲಿ ಎಡವುವವರು ಬಹಳ. ನೋಟಿಸ್‌ನಲ್ಲಿ ರೈಟ್ ಅಸೆನ್ಶನ್, ಅಂದರೆ ಆಕಾಶದ ರೇಖಾಂಶ, ಹಲವು ಸಲ ಡಿಗ್ರಿಯಲ್ಲಿರುತ್ತದೆ, ಮೌಂಟ್ ಕೇಳುವುದು ಗಂಟೆಯಲ್ಲಿ. ಶೀಗೆ ಹುಣ್ಣಿಮೆಯ ಆ ಸ್ಫೋಟದ್ದು 288.26 ಡಿಗ್ರಿ. 15ರಿಂದ ಭಾಗಿಸಿದರೆ 19.217 ಗಂಟೆ, ಅಂದರೆ 19 ಗಂಟೆ 13 ನಿಮಿಷ. ಡಿಕ್ಲಿನೇಶನ್ +19.77 ಡಿಗ್ರಿ, ಅದನ್ನು ಭಾಗಿಸುವಂತಿಲ್ಲ. 19.77 ಎಂದರೆ 19 ಡಿಗ್ರಿ 77 ನಿಮಿಷವೂ ಅಲ್ಲ, 19 ಡಿಗ್ರಿ 46 ನಿಮಿಷ. ಅವಸರದಲ್ಲಿ ಇದನ್ನು ಕೈಯಲ್ಲಿ ಮಾಡಬೇಡಿ, ಪ್ರೋಗ್ರಾಂಗೆ ಬಿಡಿ. ಟೆಲಿಸ್ಕೋಪ್ ತಿರುಗಿದ ಮೇಲೆ ಹತ್ತು ಸೆಕೆಂಡಿನ ಒಂದು ಚಿತ್ರ ತೆಗೆದು ಪ್ಲೇಟ್ ಸಾಲ್ವ್ ಮಾಡಿ, ಅಂದರೆ ಅದರಲ್ಲಿನ ನಕ್ಷತ್ರಗಳಿಂದ ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂದು ತಂತ್ರಾಂಶದಿಂದ ಗುರುತಿಸಿ. ಆಸ್ಟಾಪ್ ತಂತ್ರಾಂಶಕ್ಕೆ ಇಂಟರ್ನೆಟ್ ಬೇಕಿಲ್ಲ, ನಕ್ಷತ್ರಗಳ ಕ್ಯಾಟಲಾಗನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಟ್ಟರೆ ಸಾಕು.

ಲ್ಯಾಪ್‌ಟಾಪಿನ ಗಡಿಯಾರವನ್ನು ಪ್ರತಿ ಸಂಜೆ ಇಂಟರ್ನೆಟ್ಟಿನಲ್ಲಿ ನಿಖರ ಸಮಯ ಕೊಡುವ ಎನ್‌ಟಿಪಿ ಸರ್ವರಿನೊಂದಿಗೆ ಹೊಂದಿಸಿ. ವರದಿ ಬರೆಯುವುದು ಯೂನಿವರ್ಸಲ್ ಟೈಮಿನಲ್ಲಿ (ಯುಟಿ), ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಇದರಲ್ಲಿ ನಮಗೊಂದು ಅನುಕೂಲವಿದೆ. ನಮ್ಮ ಸಂಜೆ 7.30 ಎಂದರೆ ಅಲ್ಲಿ 14.00, ಬೆಳಗಿನ 5 ಎಂದರೆ 23.30. ಇಡೀ ರಾತ್ರಿ ಒಂದೇ ಯುಟಿ ದಿನಾಂಕದೊಳಗೆ ಬೀಳುತ್ತದೆ. ಖಗೋಳಜ್ಞರು ದಿನಗಳನ್ನು ಒಂದೇ ಸಮನೆ ಎಣಿಸುವ ಜೂಲಿಯನ್ ದಿನಾಂಕ ಬದಲಾಗುವುದೂ ನಮ್ಮ ಸಂಜೆ 5.30ಕ್ಕೆ, ಕತ್ತಲಾಗುವ ಮೊದಲೇ. ನೆನಪಿಡಬೇಕಾದ್ದು ನಡುರಾತ್ರಿ ದಾಟಿದ ಮೇಲಿನ ಹೆಸರು. ಹತ್ತನೇ ತಾರೀಖಿನ ಬೆಳಗಿನ ಜಾವ ಮೂರಕ್ಕೆ ಸ್ಫೋಟವಾದರೆ ಅದರ ಹೆಸರಿನಲ್ಲಿ ಒಂಬತ್ತನೇ ತಾರೀಖಿರುತ್ತದೆ. ಕ್ಯಾಮೆರಾದ ಫೋಲ್ಡರ್‌ಗಳಿಗೂ ಯುಟಿ ದಿನಾಂಕವನ್ನೇ ಇಡಿ.

ಚಿತ್ರ ತೆಗೆಯುವುದು

ಮೊದಲು ಫಿಲ್ಟರ್ ಇಲ್ಲದೆ, 30 ಸೆಕೆಂಡಿನ ಹತ್ತು ಚಿತ್ರ. ಆಮೇಲೆ 60 ಸೆಕೆಂಡಿನವು, ಆಕಾಶ ಬಿಡುವವರೆಗೆ. ಒಂದೇ ಉದ್ದನೆಯ ಎಕ್ಸ್‌ಪೋಶರ್ ಬೇಡ. ಉಪಗ್ರಹದ ಗೆರೆಯೋ ಗಾಳಿಯ ಅಲುಗಾಟವೋ ಬಂದರೆ ಒಂದು ಚಿತ್ರ ಹೋಗಬೇಕೇ ಹೊರತು ರಾತ್ರಿಯಲ್ಲ. ಪ್ರತಿ ನಾಲ್ಕೈದು ಚಿತ್ರಕ್ಕೊಮ್ಮೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಸರಿಸಿ, ಆಗ ಕ್ಯಾಮೆರಾದ ಬಿಸಿ ಪಿಕ್ಸೆಲ್ ನಕ್ಷತ್ರದ ವೇಷ ಹಾಕುವುದಿಲ್ಲ. ಚುಕ್ಕಿ ಕಂಡು, ಅದು ಸಾಕಷ್ಟು ಪ್ರಖರವಾಗಿದ್ದರೆ, ಕೆಂಪು ಬೆಳಕಿನ ಆರ್ ಫಿಲ್ಟರ್ ಹಾಕಿ ಮುಂದುವರಿಸಿ. ನೀಲಿ ಫಿಲ್ಟರಿನಿಂದ ಶುರುಮಾಡಬೇಡಿ. ದೂರದ ಸ್ಫೋಟಗಳಲ್ಲಿ ನಡುವಿನ ಹೈಡ್ರೋಜನ್ ನೀಲಿಯ ಬದಿಯನ್ನು ಮೊದಲು ನುಂಗುತ್ತದೆ, ಧೂಳೂ ಹಾಗೆಯೇ. ದೂರ ಹೆಚ್ಚಿದಂತೆ ಬೆಳಕು ಕೆಂಪಿನತ್ತ ಸರಿಯುವ ಅಳತೆಯಾದ ರೆಡ್‌ಶಿಫ್ಟ್ ಐದು ದಾಟಿದರೆ ಕೆಂಪಿನ ಬೆಳಕೂ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ.

ಈ ಸ್ಫೋಟ ನಿಜವೋ ಅಲ್ಲವೋ ಎಂದು ಚರ್ಚಿಸುತ್ತ ಕೂರಬೇಡಿ. ಜಿಆರ್‌ಬಿ 221009ಎ ಕ್ಷೀರಪಥದ ಪಟ್ಟಿಯ ಹತ್ತಿರವೇ ಇದ್ದುದರಿಂದ, ನಮ್ಮ ಗ್ಯಾಲಕ್ಸಿಯದ್ದೇ ಯಾವುದೋ ಎಕ್ಸ್-ರೇ ಮೂಲ ಇರಬೇಕೆಂದು ಆರಂಭದಲ್ಲಿ ಭಾವಿಸಿದ್ದರು. ಚಿತ್ರ ಮೊದಲು, ವ್ಯಾಖ್ಯಾನ ಬೆಳಿಗ್ಗೆ.

ಕ್ಯಾಮೆರಾದ ಸ್ವಂತ ಸಂಕೇತವನ್ನು ಕಳೆಯಲು ಬೇಕಾದ ಡಾರ್ಕ್, ಬಯಾಸ್ ಚಿತ್ರಗಳು ಮೊದಲೇ ಸಿದ್ಧವಿರಲಿ. ದೂಳಿನ ಕಲೆ, ಚೌಕಟ್ಟಿನ ಏರುಪೇರು ಸರಿಪಡಿಸುವ ಫ್ಲಾಟ್ ಚಿತ್ರಗಳನ್ನು ಅದೇ ಬೆಳಗಿನ ಮಬ್ಬಿನಲ್ಲಿ, ಕ್ಯಾಮೆರಾವನ್ನು ಒಂದಿಷ್ಟೂ ತಿರುಗಿಸದೆ ತೆಗೆಯಿರಿ. ದೂಳಿನ ಕಾಲದಲ್ಲಿ, ಅದರಲ್ಲೂ ಮಾರ್ಚ್ ನಂತರ ನಮ್ಮ ಬಯಲುಸೀಮೆಯಲ್ಲಿ, ಹಳೆಯ ಫ್ಲಾಟ್ ಎರಡು ದಿನಕ್ಕೆ ಕೆಡುತ್ತದೆ.

ಚುಕ್ಕಿ ಹುಡುಕುವುದು

ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಚಿತ್ರಗಳನ್ನು ಜೋಡಿಸಿ. 30 ಚಿತ್ರ ಸೇರಿಸಿದರೆ ಒಂದೇ ಚಿತ್ರಕ್ಕಿಂತ ಸುಮಾರು 1.8 ಮ್ಯಾಗ್ನಿಟ್ಯೂಡ್ ಆಳಕ್ಕೆ ಹೋಗಬಹುದು. ಆದರೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಬಾರದು, ವಸ್ತು ಆರುತ್ತಿದೆ. ಮೊದಲ ಐದು ನಿಮಿಷದ್ದು ಒಂದು ಗುಂಪು, ಮುಂದಿನ ಹದಿನೈದರದ್ದು ಇನ್ನೊಂದು, ಅದರ ಮುಂದಿನ ನಲವತ್ತೈದರದ್ದು ಮತ್ತೊಂದು, ಹೀಗೆ ಹಿಗ್ಗಿಸುತ್ತ ಹೋಗಿ.

ಆಮೇಲೆ ಅಲಾದಿನ್ ತಂತ್ರಾಂಶದಲ್ಲಿ ಪ್ಯಾನ್-ಸ್ಟಾರ್ಸ್ ಸಮೀಕ್ಷೆಯ ಹಳೆಯ ಚಿತ್ರದ ಪಕ್ಕ ನಿಮ್ಮದನ್ನಿಟ್ಟು ನೋಡಿ. ಡಿಕ್ಲಿನೇಶನ್ −30ಕ್ಕಿಂತ ದಕ್ಷಿಣಕ್ಕೆ ಪ್ಯಾನ್-ಸ್ಟಾರ್ಸ್ ಇಲ್ಲ, ಅಲ್ಲಿಗೆ ಸ್ಕೈಮ್ಯಾಪರ್ ಬಳಸಿ. ಹಳೆಯದರಲ್ಲಿ ಇಲ್ಲದ ಚುಕ್ಕಿ ನಿಮ್ಮದರಲ್ಲಿದ್ದರೆ ಖುಷಿಪಡುವ ಮುನ್ನ ಮೂರು ಪರೀಕ್ಷೆ ಮಾಡಿ. ಎಕ್ಸ್-ರೇ ವೃತ್ತದ, ಅಂದರೆ ಉಪಗ್ರಹದ ಎಕ್ಸ್-ರೇ ದೂರದರ್ಶಕ ಹೇಳಿದ ಸ್ಥಾನದ ವೃತ್ತದ, ಒಳಗಿದೆಯೇ? ಮೈನರ್ ಪ್ಲಾನೆಟ್ ಸೆಂಟರಿನ ತಪಾಸಣಾ ಪುಟದಲ್ಲಿ ಆ ಹೊತ್ತಿಗೆ ಅಲ್ಲಿ ಯಾವುದಾದರೂ ಕ್ಷುದ್ರಗ್ರಹ ಹಾದುಹೋಗುತ್ತಿತ್ತೇ? ಚಿತ್ರಗಳನ್ನು ಎರಡು ಗುಂಪು ಮಾಡಿದಾಗ ಎರಡರಲ್ಲೂ ಅದೇ ಜಾಗದಲ್ಲಿದೆಯೇ? ಕ್ಷುದ್ರಗ್ರಹ ಜರುಗುತ್ತದೆ, ಬಿಸಿ ಪಿಕ್ಸೆಲ್ ಚೌಕಟ್ಟಿನೊಂದಿಗೆ ಓಡುತ್ತದೆ, ಆಫ್ಟರ್‌ಗ್ಲೋ ನಿಂತಲ್ಲೇ ನಿಂತು ಮಸುಕಾಗುತ್ತದೆ. ಆ ಮಸುಕಾಗುವಿಕೆಯೇ ಕೊನೆಯ ಸಾಕ್ಷಿ. ಅದಕ್ಕಾಗಿಯೇ ಚುಕ್ಕಿ ಸಿಕ್ಕಿತೆಂದು ಟೆಲಿಸ್ಕೋಪ್ ಮುಚ್ಚಬಾರದು, ಕಾಲ ಎರಡರಷ್ಟಾಗುವವರೆಗಾದರೂ ಕಾದು ಮತ್ತೆ ಅಳೆಯಬೇಕು.

ಅಳತೆ, ಮತ್ತು ಕಾಣದಿದ್ದಾಗಿನ ಅಳತೆ

ಆಸ್ಟ್ರೋಇಮೇಜ್‌ಜೆ ತಂತ್ರಾಂಶ ತೆರೆದು, ನಕ್ಷತ್ರದ ಹರಹಿನ ಒಂದರಿಂದ ಒಂದೂವರೆ ಪಟ್ಟು ತ್ರಿಜ್ಯದ ವೃತ್ತ ಇಡಿ. ಹೋಲಿಕೆಗೆ ಐದಾರು ನಕ್ಷತ್ರ ಬೇಕು. ತೀರಾ ಪ್ರಖರವಾದವನ್ನೂ, ಪಕ್ಕದಲ್ಲಿ ಜೊತೆಗಾರರಿರುವವನ್ನೂ ಬಿಡಿ. ಆರ್ ಫಿಲ್ಟರಿನ ಅಳತೆಗೆ ಪ್ಯಾನ್-ಸ್ಟಾರ್ಸ್‌ನ ಆರ್, ಫಿಲ್ಟರ್ ಇಲ್ಲದ ಅಳತೆಗೆ ಗಾಯಾ ಉಪಗ್ರಹದ ಕ್ಯಾಟಲಾಗಿನ ಜಿ ಮ್ಯಾಗ್ನಿಟ್ಯೂಡ್ ಹೊಂದುತ್ತದೆ. ಯಾವುದನ್ನು ಬಳಸಿದಿರೆಂದು ಬರೆಯಲೇಬೇಕು. ಸಂಕೇತ ಗದ್ದಲದ ಹತ್ತು ಪಟ್ಟಿದ್ದರೆ ದೋಷ ಸುಮಾರು 0.11, ಮೂರು ಪಟ್ಟಿದ್ದರೆ ಸುಮಾರು 0.36. ಅದಕ್ಕಿಂತ ಕೆಳಗೆ ಕಂಡದ್ದನ್ನು ಕಂಡಿತು ಎನ್ನಬೇಡಿ.

ಬಹುಪಾಲು ರಾತ್ರಿಗಳಲ್ಲಿ ನಿಮಗೆ ಏನೂ ಕಾಣುವುದಿಲ್ಲ. ಸ್ಫೋಟ ಬಹಳ ದೂರದ್ದಿರಬಹುದು, ಧೂಳಿನ ಹಿಂದಿರಬಹುದು, ಅದಾಗಲೇ ಆರಿರಬಹುದು. ಎಷ್ಟೋ ತಂಡಗಳು ಇಲ್ಲಿಗೆ ಬಂದು ಫೈಲು ಅಳಿಸಿ ಮಲಗುತ್ತವೆ. ನನ್ನ ಪ್ರಕಾರ ಈ ಹವ್ಯಾಸದಲ್ಲಿ ಆಗುವ ಅತಿ ದೊಡ್ಡ ನಷ್ಟ ಅದು. ಕಾಣಲಿಲ್ಲ ಎಂಬುದಕ್ಕೂ ಒಂದು ಸಂಖ್ಯೆ ಇದೆ, ಆ ಸಂಖ್ಯೆ ಬೇಕಾದವರಿದ್ದಾರೆ. ಸ್ಫೋಟವಾದ 35 ನಿಮಿಷಕ್ಕೆ 18.9ರವರೆಗೆ ಏನೂ ಇಲ್ಲ ಎಂದು ನೀವು ಹೇಳಿದರೆ, ಎಕ್ಸ್-ರೇ ಪ್ರಖರವಾಗಿದ್ದೂ ಬೆಳಕು ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆ ಏಳುತ್ತದೆ. ದೂರ ಹೆಚ್ಚೋ, ಧೂಳು ಹೆಚ್ಚೋ ಎಂದು ನೋಡಲು ದೊಡ್ಡ ಟೆಲಿಸ್ಕೋಪೊಂದು ಅವಗೆಂಪಿನಲ್ಲಿ ತಿರುಗಬಹುದು. ಅಥವಾ ಮುಂದೆ ಬೇರೆಯವರಿಗೆ 18ರ ಚುಕ್ಕಿ ಕಂಡರೆ, ಅದು ತಡವಾಗಿ ಏರಿದ್ದು ಎಂಬುದಕ್ಕೆ ನಿಮ್ಮ ಸಂಖ್ಯೆಯೇ ಆಧಾರ.

ಮಿತಿಯನ್ನು ಹೀಗೆ ತೆಗೆಯಿರಿ. ನಿಮ್ಮ ಜೋಡಿಸಿದ ಚಿತ್ರದಲ್ಲಿ ಎಕ್ಸ್-ರೇ ವೃತ್ತದ ಸುತ್ತಮುತ್ತ ಮಸುಕು ನಕ್ಷತ್ರಗಳನ್ನು ಒಂದೊಂದಾಗಿ ಅಳೆಯುತ್ತ ಹೋಗಿ. ಕ್ಯಾಟಲಾಗಿನಲ್ಲಿ 18.2 ಇರುವುದರ ದೋಷ 0.18, 18.6ರದ್ದು 0.26, 18.9ರದ್ದು 0.35 ಬಂತೆನ್ನಿ. ದೋಷ 0.36ರ ಹತ್ತಿರ ಬಂದ ಜಾಗವೇ ಮೂರು ಸಿಗ್ಮಾ ಮಿತಿ, ಅಂದರೆ ಸಂಕೇತ ಗದ್ದಲದ ಮೂರು ಪಟ್ಟಿರುವ ಜಾಗ. ಇಲ್ಲಿ ಅದು 18.9. ಚೌಕಟ್ಟಿನ ಮೂಲೆಯ ನಕ್ಷತ್ರ ಹಿಡಿದು ಮಿತಿ ಹೇಳಬೇಡಿ, ಪ್ರಖರ ನಕ್ಷತ್ರದ ಪ್ರಭೆಯಲ್ಲಿ ವೃತ್ತ ಬಿದ್ದಿದ್ದರೆ ಅದನ್ನೂ ಹೇಳಿ. 19 ಎಂದು ಉಬ್ಬಿಸಿ ಬರೆದ ಮಿತಿಯೊಂದು ಯಾರದೋ ಇಡೀ ಲೆಕ್ಕವನ್ನು ತಪ್ಪು ದಾರಿಗೆ ಎಳೆಯುತ್ತದೆ.

ವರದಿ

ಜಿಸಿಎನ್ ಸರ್ಕ್ಯುಲರ್ ಇಂಗ್ಲಿಷಿನಲ್ಲಿ, ಹತ್ತು ಹದಿನೈದು ಸಾಲು. ಮೊದಲ ಸಲ ಕಳಿಸುವವರಿಗೆ ಈಗಾಗಲೇ ಕಳಿಸುತ್ತಿರುವವರೊಬ್ಬರ ಅನುಮೋದನೆ ಬೇಕು. ಸ್ಫೋಟ ಬಂದ ರಾತ್ರಿ ಅದಕ್ಕೆ ಓಡಾಡುವಂತಾಗಬಾರದು. ಈಗಲೇ ನಿಮ್ಮ ಪರಿಚಯದ ಖಗೋಳ ಸಂಶೋಧಕರನ್ನು ಕೇಳಿ, ನಿಮ್ಮ ಕೆಲವು ಚರನಕ್ಷತ್ರಗಳ ಅಳತೆ ತೋರಿಸಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಬರೆಯಬೇಕಾದ್ದು ಇಷ್ಟು: ಸ್ಫೋಟದ ಹೆಸರು, ಟೆಲಿಸ್ಕೋಪಿನ ಅಳತೆ ಮತ್ತು ಸ್ಥಳ, ಎಕ್ಸ್‌ಪೋಶರಿನ ನಡು ಸಮಯ ಯುಟಿಯಲ್ಲಿ, ಟಿ ಸೊನ್ನೆಯಿಂದ ಎಷ್ಟು ಹೊತ್ತು, ಎಷ್ಟು ಸೆಕೆಂಡಿನ ಎಷ್ಟು ಚಿತ್ರ, ಫಿಲ್ಟರ್, ಮ್ಯಾಗ್ನಿಟ್ಯೂಡ್ ಮತ್ತು ದೋಷ ಇಲ್ಲವೇ ಮೂರು ಸಿಗ್ಮಾ ಮಿತಿ, ಹೋಲಿಕೆಯ ಕ್ಯಾಟಲಾಗ್, ಕ್ಷೀರಪಥದ ಧೂಳಿಗೆ ತಿದ್ದುಪಡಿ ಮಾಡಿದೆಯೋ ಇಲ್ಲವೋ. ತಿದ್ದುಪಡಿ ಮಾಡದೆ ಕೊಡುವುದೇ ವಾಡಿಕೆ. ಚಿತ್ರದ ವರ್ಣನೆ, ಸಂಭ್ರಮ, ತಂಡದ ಇತಿಹಾಸ ಬೇಡ.

ಮರುದಿನ ಮತ್ತು ಆಮೇಲೆ

ಮರುರಾತ್ರಿಯ ಹೊತ್ತಿಗೆ ಬಹುತೇಕ ಆಫ್ಟರ್‌ಗ್ಲೋಗಳು 20 ದಾಟಿ ಹೋಗಿರುತ್ತವೆ. ದೊಡ್ಡ ಟೆಲಿಸ್ಕೋಪುಗಳು ಬೆನ್ನುಹತ್ತುವುದು ಆಗಲೇ. ಒಂದೆರಡು ದಿನದ ಆಸುಪಾಸಿನಲ್ಲಿ ಇಳಿಜಾರು ಹಠಾತ್ತನೆ ಕಡಿದಾದರೆ, ಜೆಟ್‌ನ ಅಂಚು ನಮಗೆ ಕಾಣತೊಡಗಿದೆ ಎಂದು ಅರ್ಥ. ಅದರಿಂದ ಜೆಟ್ ಎಷ್ಟು ಕಿರಿದು ಎಂದು ಲೆಕ್ಕ ಹಾಕುತ್ತಾರೆ. ಹತ್ತಿರದ ದೀರ್ಘ ಸ್ಫೋಟವಾದರೆ ಒಂದೆರಡು ವಾರದ ಮೇಲೆ ಅದೇ ಜಾಗದಲ್ಲಿ ಸೂಪರ್‌ನೋವಾ ಮೇಲೇಳುತ್ತದೆ, 2003ರ ಮಾರ್ಚ್ 29ರ ಸ್ಫೋಟದಲ್ಲಿ ಹಾಗೆಯೇ ಆಯಿತು. ಪುಣೆ ಬಳಿಯ ಜಿಎಂಆರ್‌ಟಿಯಂಥ ರೇಡಿಯೊ ದೂರದರ್ಶಕಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಅದನ್ನು ಹಿಂಬಾಲಿಸುತ್ತವೆ. ನಮ್ಮ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವೂ ಇದನ್ನೇ ನೋಡುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಅಲ್ಲಿನ ಮುಖ್ಯ ಕೆಲಸ ಇನ್ನೂ ಉದ್ದನೆಯ ಅಲೆಗಳಲ್ಲಿ ಸೂರ್ಯನನ್ನು ನೋಡುವುದು.

ನಿಮಗೆ ಉಳಿಯುವ ಕೆಲಸ ಒಂದು. ಒಂದು ತಿಂಗಳು ಬಿಟ್ಟು, ಬೆಳದಿಂಗಳಿಲ್ಲದ ರಾತ್ರಿ ಅದೇ ಜಾಗವನ್ನು ಅದೇ ಕ್ಯಾಮೆರಾದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಚಿತ್ರಿಸಿ. ಚುಕ್ಕಿಯ ಕೆಳಗೆ ಮಸುಕು ನಕ್ಷತ್ರವೋ ಆತಿಥೇಯ ಗ್ಯಾಲಕ್ಸಿಯೋ ಇದ್ದರೆ ಅದರ ಬೆಳಕು ನಿಮ್ಮ ಅಳತೆಯಲ್ಲಿ ಬೆರೆತಿರುತ್ತದೆ. ಹೊಸ ಚಿತ್ರವನ್ನು ಹಳೆಯದರಿಂದ ಕಳೆದು ಮ್ಯಾಗ್ನಿಟ್ಯೂಡನ್ನು ಮತ್ತೆ ತೆಗೆಯಿರಿ, ವ್ಯತ್ಯಾಸ ನಿಮ್ಮ ದೋಷಕ್ಕಿಂತ ದೊಡ್ಡದಿದ್ದರೆ ತಿದ್ದುಪಡಿಯ ಸರ್ಕ್ಯುಲರ್ ಕಳಿಸಿ. ಕ್ಯಾಮೆರಾದ ಮೂಲ ಚಿತ್ರಗಳಾದ ಫಿಟ್ಸ್ ಫೈಲುಗಳು, ಡಾರ್ಕ್, ಫ್ಲಾಟ್ ಸಮೇತ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇರಲಿ. ಬೇಕೆಂದು ಕೇಳುವವರು ವರ್ಷಗಳ ಮೇಲೆ ಬರುವುದೂ ಉಂಟು.